ಅಕ್ಷರ ಮತ್ತು ಸತ್ಯ: ಕನ್ನಡ ನಾಡಿನ ಕಥೋಲಿಕರ ಬೈಬಲ್ ಓದಿನ ಚಾರಿತ್ರಿಕ ಹಿನ್ನೆಲೆ

ಬೈಬಲಿನಲ್ಲಿ ಬರೆದಿರುವುದೆಲ್ಲವನ್ನೂ ಬರೆದಿರುವಂತೆಯೇ ಅಕ್ಷರಶಃ ಸತ್ಯವೆಂದು ಕಥೋಲಿಕ ಕ್ರೈಸ್ತರು ಸ್ವೀಕರಿಸಬೇಕೆ ಎಂಬುದು ಮೇಲುನೋಟಕ್ಕೆ ಕೇವಲ ದೇವಶಾಸ್ತ್ರದ ಪ್ರಶ್ನೆಯಾಗಿ ಕಾಣುತ್ತದೆ. ಯೂರೋಪಿನಲ್ಲಿ ಈ ಪ್ರಶ್ನೆ ಮುಖ್ಯವಾಗಿ ವಿಜ್ಞಾನದೊಂದಿಗಿನ ಸಂಘರ್ಷದ ರೂಪದಲ್ಲಿ ಬೆಳೆಯಿತು. ಭೂಮಿ ಚಲಿಸುತ್ತದೆಯೆ, ಸೃಷ್ಟಿ ಆರು ದಿನಗಳಲ್ಲಿ ಮುಗಿಯಿತೆ, ಮಾನವನ ಉಗಮ ಹೇಗಾಯಿತು ಎಂಬ ವಿಚಾರಗಳ ಸುತ್ತ ಅಲ್ಲಿ ಚರ್ಚೆ ನಡೆಯಿತು. ಕನ್ನಡ ನಾಡಿನಲ್ಲಿ ಇದೇ ಪ್ರಶ್ನೆ ಬೇರೊಂದು ದಾರಿಯಿಂದ ಬಂದಿತು. ಇಲ್ಲಿ ಅದು ಅನುವಾದದ ಪ್ರಶ್ನೆಯಾಗಿ, ಗ್ರಂಥವನ್ನು ಯಾರ ಕೈಗೆ ಕೊಡಬೇಕೆಂಬ ಪ್ರಶ್ನೆಯಾಗಿ, ಅದಕ್ಕಿಂತ ಮಿಗಿಲಾಗಿ ಜಾತಿಯ ಪ್ರಶ್ನೆಯಾಗಿ ಎದುರಾಯಿತು. ಈ ಸಂಗತಿಯತ್ತ ಸಂಶೋಧಕರ ಗಮನ ಸೆಳೆಯುವುದು ಪ್ರಸ್ತುತ ಲೇಖನದ ಉದ್ದೇಶ.

ವಿಷಯ ಕೇವಲ ಗತಕಾಲದ್ದಲ್ಲ. ಯಡಿಯೂರು, ಜಯನಗರ, ಬನಶಂಕರಿಗಳಂತಹ ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಕನ್ನಡ, ತಮಿಳು, ಕೊಂಕಣಿ, ಮಲಯಾಳಂ, ಇಂಗ್ಲಿಷ್ ಭಾಷೆಗಳಲ್ಲಿ ಪ್ರಾರ್ಥಿಸುವ ಕಥೋಲಿಕ ಕುಟುಂಬಗಳು ನೆರೆಹೊರೆಯಲ್ಲಿ ಬದುಕುತ್ತಿವೆ. ಅಂತಹ ಒಂದು ಕನ್ನಡ ಮನೆಯಲ್ಲಿ ಪ್ರಾಟೆಸ್ಟಂಟ್ ಪರಂಪರೆಯ ಹಳೆಯ ‘ಸತ್ಯವೇದ’ವೂ ಕಥೋಲಿಕರು ಬಳಸುವ ಹೊಸ ಅನುವಾದವೂ ಒಟ್ಟಿಗೆ ಇರಬಹುದು. ಎರಡನ್ನೂ ತೆರೆದು ನೋಡುವ ಓದುಗನಿಗೆ ಪದಗಳು ಬೇರೆ, ಹೆಸರುಗಳು ಬೇರೆ, ಪುಸ್ತಕಗಳ ಸಂಖ್ಯೆಯೂ ಬೇರೆ ಎಂಬುದು ತಿಳಿಯುತ್ತದೆ. ಅಕ್ಷರವೇ ಸತ್ಯವಾದರೆ ಯಾವ ಅಕ್ಷರ ಸತ್ಯ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾಲ್ಕು ಶತಮಾನಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

1. ಪುರಾಣವಾಗಿ ಬಂದ ಬೈಬಲ್

ಪಶ್ಚಿಮ ಕರಾವಳಿಯ ಕಥೋಲಿಕರಿಗೆ ಬೈಬಲಿನ ಕಥನ ಮೊದಲು ತಲುಪಿದ್ದು ಅಧ್ಯಾಯ-ವಚನಗಳ ಗ್ರಂಥವಾಗಿ ಅಲ್ಲ, ಹಾಡುವ ಪುರಾಣವಾಗಿ. ಇಂಗ್ಲೆಂಡಿನಲ್ಲಿ ಹುಟ್ಟಿ ಗೋವೆಯಲ್ಲಿ ನೆಲೆಸಿದ ಯೇಸುಸಭೆಯ ಪಾದ್ರಿ ಥಾಮಸ್ ಸ್ಟೀಫನ್ಸ್ (1549–1619) ರಚಿಸಿದ ‘ಕ್ರಿಸ್ತಪುರಾಣ’ 1616ರಲ್ಲಿ ಗೋವೆಯ ರಾಚೋಲಿನಲ್ಲಿ ಮುದ್ರಿತವಾಯಿತು. ಕೊಂಕಣಿಯ ಛಾಯೆಯುಳ್ಳ ಮರಾಠಿಯಲ್ಲಿ, ಭಕ್ತಿಪಂಥದ ಕವಿಗಳು ಬಳಸಿದ ಓವಿ ಛಂದಸ್ಸಿನಲ್ಲಿ, ಹತ್ತು ಸಾವಿರಕ್ಕೂ ಮಿಕ್ಕಿದ ಪದ್ಯಗಳಲ್ಲಿ ಹಬ್ಬಿರುವ ಈ ಕೃತಿಗೆ ಎರಡು ಭಾಗಗಳಿವೆ. ಮೊದಲನೆಯದು ಹಳೆಯ ಒಡಂಬಡಿಕೆಯ ಕಥೆಯನ್ನೂ ಎರಡನೆಯದು ಕ್ರಿಸ್ತನ ಚರಿತ್ರೆಯನ್ನೂ ನಿರೂಪಿಸುತ್ತವೆ. 17ನೆಯ ಶತಮಾನದಲ್ಲಿ ಅಚ್ಚಾದ ಪ್ರತಿಗಳು ಇಂದು ಉಳಿದಿಲ್ಲ. ಕೃತಿ ಉಳಿದುಕೊಂಡದ್ದು ಹಸ್ತಪ್ರತಿಗಳಲ್ಲಿ ಮತ್ತು ಹಾಡುವವರ ಕಂಠದಲ್ಲಿ. ಕೆನರಾದ ಕ್ರೈಸ್ತರಲ್ಲಿ ಉಳಿದಿದ್ದ ಹಸ್ತಪ್ರತಿಗಳ ಬಲದಿಂದಲೇ ಜೋಸೆಫ್ ಎಲ್. ಸಲ್ಡಾನಾ ಅವರು 1907ರಲ್ಲಿ ಮಂಗಳೂರಿನಿಂದ ಅದರ ಮುದ್ರಿತ ಆವೃತ್ತಿಯನ್ನು ಹೊರತಂದರು ಎಂಬುದು ಕರ್ನಾಟಕದ ಮಟ್ಟಿಗೆ ಸ್ಮರಣೀಯ ಸಂಗತಿ.

ಸ್ಟೀಫನ್ಸ್ ಅವರು ‘ಪುರಾಣ’ ಎಂಬ ಪ್ರಕಾರವನ್ನು ಆಯ್ದುಕೊಂಡದ್ದರಲ್ಲಿ ಒಂದು ವ್ಯಾಖ್ಯಾನ ತತ್ತ್ವವೇ ಅಡಗಿದೆ. ಪುರಾಣವನ್ನು ಕೇಳುವವನು ಕಥೆಯನ್ನು ನಂಬುತ್ತಾನೆ. ಆದರೆ ಆ ನಂಬಿಕೆ ದಿನಾಂಕ, ದೂರ, ಅಳತೆಗಳ ಲೆಕ್ಕದಲ್ಲಿ ನಿಂತಿರುವುದಿಲ್ಲ. ಪುರಾಣಕ್ಕೆ ಪ್ರವಚನಕಾರ ಬೇಕು, ಪ್ರಶ್ನೆ ಕೇಳುವ ಶ್ರೋತೃ ಬೇಕು, ಅರ್ಥ ಬಿಡಿಸುವ ಸಂದರ್ಭ ಬೇಕು. ‘ಕ್ರಿಸ್ತಪುರಾಣ’ದಲ್ಲಿಯೂ ಗುರುವಾದ ಪಾದ್ರಿ ಹೇಳುತ್ತಾನೆ, ಕೇಳುವವರು ನಡುವೆ ಸಂಶಯಗಳನ್ನು ಎತ್ತುತ್ತಾರೆ. ಹೀಗೆ ಕರಾವಳಿಯ ಕಥೋಲಿಕರ ಪ್ರಥಮ ‘ಬೈಬಲ್’ ವ್ಯಾಖ್ಯಾನವನ್ನು ಒಡಲಲ್ಲೇ ಇಟ್ಟುಕೊಂಡಿದ್ದ ಗ್ರಂಥವಾಗಿತ್ತು.

2. ‘ವೇದ’ ಎಂಬ ಪದದ ಎರಡು ಹಾದಿಗಳು

ಒಳನಾಡಿನ ಕಥೆ ಸ್ವಲ್ಪ ಭಿನ್ನ. 1606ರಲ್ಲಿ ಮಧುರೆಗೆ ಬಂದ ರೊಬೆರ್ತೊ ದೆ ನೊಬಿಲಿ ಅವರು ಸಂನ್ಯಾಸಿಯ ವೇಷ ಧರಿಸಿ, ಸಂಸ್ಕೃತ-ತಮಿಳುಗಳನ್ನು ಕಲಿತು, ಕ್ರೈಸ್ತ ಧರ್ಮವನ್ನು ‘ಸತ್ಯವೇದ’ವೆಂದು ಕರೆದರು. ಈ ಮಾರ್ಗದ ಪ್ರಭಾವಕ್ಕೆ ಒಳಗಾದ ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ದೊ ಚಿನ್ನಾಮಿ ಅವರು 1640ರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣವನ್ನು ತಲುಪಿ ಮೈಸೂರು ಮಿಷನ್ನಿಗೆ ತಳಹದಿ ಹಾಕಿದರು. ಕನ್ನಡ ವ್ಯಾಕರಣ ಮತ್ತು ಧರ್ಮೋಪದೇಶದ ರಚನೆಯ ಶ್ರೇಯಸ್ಸು ಅವರಿಗೆ ಸಲ್ಲುತ್ತದೆ.

ಇಲ್ಲಿ ‘ವೇದ’ ಎಂಬ ಪದದ ಅರ್ಥವನ್ನು ಎಚ್ಚರಿಕೆಯಿಂದ ಗಮನಿಸಬೇಕು. ನೊಬಿಲಿ ಅವರ ಪರಂಪರೆಯಲ್ಲಿ ‘ಸತ್ಯವೇದ’ವೆಂದರೆ ಮುಖ್ಯವಾಗಿ ಧರ್ಮ, ಮತ, ಉಪದೇಶದ ಮೊತ್ತ. ಒಬ್ಬನು ‘ವೇದಕ್ಕೆ ಸೇರಿದ’ ಎಂದರೆ ಶ್ರದ್ಧೆಗೆ ಸೇರಿದ ಎಂದು ಅರ್ಥ. 19ನೆಯ ಶತಮಾನದಲ್ಲಿ ಪ್ರಾಟೆಸ್ಟಂಟ್ ಮಿಷನ್ನುಗಳು ದೇಶಭಾಷೆಗಳಲ್ಲಿ ಬೈಬಲನ್ನು ಅಚ್ಚು ಹಾಕಿದಾಗ ಅದೇ ಪದ ಪುಸ್ತಕದ ಹೆಸರಾಯಿತು. ಕನ್ನಡದಲ್ಲಿ ಇಂದು ‘ಸತ್ಯವೇದ’ ಎಂದೊಡನೆ ಮನಸ್ಸಿಗೆ ಬರುವುದು ಕಪ್ಪು ರಟ್ಟಿನ ಗ್ರಂಥ. ಸಮುದಾಯದ ಶ್ರದ್ಧೆಯನ್ನು ಸೂಚಿಸುತ್ತಿದ್ದ ಪದ ಮುದ್ರಿತ ಅಕ್ಷರವನ್ನು ಸೂಚಿಸುವ ಪದವಾಗಿ ಬದಲಾದುದು ಚಿಕ್ಕ ಪಲ್ಲಟವಲ್ಲ. ಸತ್ಯ ಇರುವುದು ಶ್ರದ್ಧೆಯ ಪರಂಪರೆಯಲ್ಲೋ, ಪುಟದ ಮೇಲಿನ ವಾಕ್ಯದಲ್ಲೋ ಎಂಬ ನಮ್ಮ ಪ್ರಶ್ನೆ ಈ ಒಂದು ಪದದ ಚರಿತ್ರೆಯಲ್ಲಿಯೇ ಹುದುಗಿದೆ.

3. ಅಬ್ಬೆ ದುಬಾಯ್ ಮತ್ತು ಕೊಬ್ಬಿಸಿದ ಕರು

ಯೇಸುಸಭೆ 1773ರಲ್ಲಿ ವಿಸರ್ಜಿತವಾದ ಮೇಲೆ ದಕ್ಷಿಣ ಭಾರತದ ಅದರ ಕೆಲಸವನ್ನು ಪ್ಯಾರಿಸಿನ ವಿದೇಶೀ ಮಿಷನ್ನುಗಳ ಸಂಘ ವಹಿಸಿಕೊಂಡಿತು. ಆ ಸಂಘದ ಪಾದ್ರಿಯಾಗಿ 1792ರಲ್ಲಿ ಫ್ರಾನ್ಸಿನಿಂದ ಹೊರಟ ಅಬ್ಬೆ ಜೆ. ಎ. ದುಬಾಯ್ ಅವರು 1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ತರುವಾಯ ಮೈಸೂರು ಸೀಮೆಗೆ ಬಂದರು. ಟಿಪ್ಪುವಿನ ಕಾಲದಲ್ಲಿ ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಒಗ್ಗೂಡಿಸುವುದು ಅವರಿಗೆ ಒದಗಿದ ಕಾರ್ಯ. 1823ರವರೆಗೆ ಅವರು ಈ ನಾಡಿನಲ್ಲಿದ್ದರು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥ ಸುಪ್ರಸಿದ್ಧ. ಮೈಸೂರಿನಲ್ಲಿ ಸಿಡುಬಿನ ಲಸಿಕೆಯನ್ನು ಹರಡಿದ ಕೀರ್ತಿಯೂ ಅವರದು. ನಮ್ಮ ವಿಷಯಕ್ಕೆ ಇವೆರಡಕ್ಕಿಂತ ಮುಖ್ಯವಾದುದು 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿಯನ್ನು ಕುರಿತ ಅವರ ಪತ್ರಗಳ ಸಂಗ್ರಹ.

ಆ ಕಾಲಕ್ಕೆ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಅವರು 1810ರಿಂದ ಬಳ್ಳಾರಿಯಲ್ಲಿ ನೆಲೆಸಿ ಬೈಬಲನ್ನು ಕನ್ನಡಕ್ಕೆ ತರುತ್ತಿದ್ದರು. ನಿಘಂಟುಕಾರರೆಂದು ಕನ್ನಡಿಗರಿಗೆ ಪರಿಚಿತರಾದ ವಿಲಿಯಂ ರೀವ್ ಅವರು ಆಮೇಲೆ ಜೊತೆಗೂಡಿದರು. 1820ರ ದಶಕದ ಆರಂಭದಲ್ಲಿ ಹೊಸ ಒಡಂಬಡಿಕೆಯೂ 1830ರ ದಶಕದ ಆರಂಭದ ವೇಳೆಗೆ ಪೂರ್ಣ ಬೈಬಲೂ ಕನ್ನಡದಲ್ಲಿ ದೊರೆಯುವಂತಾದವು. ಇಂತಹ ಅನುವಾದಗಳನ್ನು ಸಾವಿರಗಟ್ಟಲೆ ಅಚ್ಚು ಹಾಕಿ ಹಂಚುವ ಕ್ರಮವನ್ನು ದುಬಾಯ್ ತೀವ್ರವಾಗಿ ವಿರೋಧಿಸಿದರು. ದೇಶಭಾಷೆಯ ಅನುವಾದಗಳ ಶೈಲಿ ಒರಟಾಗಿದೆಯೆಂಬುದು ಅವರ ಒಂದು ಆಕ್ಷೇಪ. ಪೂರ್ವಸಿದ್ಧತೆಯಿಲ್ಲದೆ ಮೂಲಪಾಠವನ್ನು ಬರಿದಾಗಿ ಜನರ ಮುಂದಿಟ್ಟರೆ ಅದು ಧರ್ಮದ ಬಗ್ಗೆ ಗೌರವಕ್ಕೆ ಬದಲು ಜಿಗುಪ್ಸೆಯನ್ನು ಹುಟ್ಟಿಸುತ್ತದೆಯೆಂಬುದು ಇನ್ನೊಂದು. ಮೊದಲು ಸರಳ ಉಪದೇಶ, ಆಮೇಲೆ ಗ್ರಂಥ ಎಂಬುದು ಅವರ ನಿಲುವಾಗಿತ್ತು.

ಈ ವಾದಕ್ಕೆ ಆಧಾರವಾಗಿ ಅವರು ತಮ್ಮ ಅನುಭವದ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. ಒಮ್ಮೆ ತಮ್ಮ ಸಭೆಗೆ ದುಂದುಗಾರ ಮಗನ ದೃಷ್ಟಾಂತಕಥೆಯನ್ನು ವಿವರಿಸುವಾಗ, ಮರಳಿ ಬಂದ ಮಗನಿಗಾಗಿ ತಂದೆ ಕೊಬ್ಬಿಸಿದ ಕರುವನ್ನು ಕೊಯ್ಯಿಸಿದ ಸಂಗತಿಯನ್ನು ಹೇಳಿದರು. ಆ ಬಳಿಕ ಸಭೆಯ ಕೆಲವರು ಬಂದು, ಕರುವಿನ ಪ್ರಸ್ತಾಪ ಸರಿಯಾಗಲಿಲ್ಲ, ಅನ್ಯಮತೀಯರು ಅಲ್ಲಿದ್ದು ಕೇಳಿದ್ದರೆ ಕ್ರೈಸ್ತಧರ್ಮವೆಂದರೆ ಅಸ್ಪೃಶ್ಯರ ಧರ್ಮವೆಂಬ ಅವರ ಅಭಿಪ್ರಾಯ ಇನ್ನೂ ಗಟ್ಟಿಯಾಗುತ್ತಿತ್ತು ಎಂದು ತಿಳಿಸಿದರು. ಮುಂದೆ ಈ ಕಥೆಯನ್ನು ಹೇಳುವಾಗ ಕರುವಿನ ಬದಲು ಕುರಿಮರಿಯೆಂದು ಹೇಳುವುದು ಲೇಸೆಂದು ಸಲಹೆಯನ್ನೂ ಕೊಟ್ಟರು.

ದುಬಾಯ್ ಅವರ ಪತ್ರಗಳಿಗೆ 1824ರಲ್ಲಿ ಮದರಾಸಿನ ಚಾಪ್ಲಿನ್ ಜೇಮ್ಸ್ ಹೌ ಮತ್ತು ಲಂಡನ್ ಮಿಷನರಿ ಸೊಸೈಟಿಯ ಹೆನ್ರಿ ಟೌನ್‌ಲಿ ಅವರು ಪುಸ್ತಕರೂಪದ ಉತ್ತರಗಳನ್ನು ಪ್ರಕಟಿಸಿದರು. ಆ ವಾಗ್ವಾದದಲ್ಲಿ ಪ್ರಾಟೆಸ್ಟಂಟ್ ಮಿಷನ್ನುಗಳ ಸಾಧನೆ-ವೈಫಲ್ಯಗಳ ಚರ್ಚೆಯೇ ಪ್ರಧಾನವಾಯಿತು. ಕರುವಿನ ಪ್ರಸಂಗವೂ ಸಾಮಾನ್ಯವಾಗಿ ಎರಡು ಸಂಸ್ಕೃತಿಗಳ ನಡುವಣ ಅಂತರಕ್ಕೆ ಒಂದು ಉದಾಹರಣೆಯೆಂಬಷ್ಟಕ್ಕೇ ನಿಂತುಬಿಡುತ್ತದೆ. ಆದರೆ ಅಕ್ಷರ ಮತ್ತು ಸತ್ಯದ ಸಂಬಂಧವನ್ನು ಕುರಿತು ಅದು ಹೇಳುವುದು ಬಹಳವಿದೆ.

ಮೊದಲನೆಯದಾಗಿ, ದುಂದುಗಾರ ಮಗನ ಕಥೆ ಒಂದು ದೃಷ್ಟಾಂತ. ಅಂತಹ ತಂದೆ, ಅಂತಹ ಮಗ ಯಾವ ಊರಿನಲ್ಲಿ ಯಾವ ವರ್ಷ ಇದ್ದರೆಂದು ಯಾರೂ ಕೇಳುವುದಿಲ್ಲ. ಘಟನೆ ನಡೆದಿರಬೇಕಾದ ಅಗತ್ಯವೇ ಇಲ್ಲದ ಕಥೆ ಸತ್ಯವಾಗಿರಬಹುದೆಂಬುದನ್ನು ಅತ್ಯಂತ ಕಟ್ಟುನಿಟ್ಟಿನ ಅಕ್ಷರವಾದಿಯೂ ಇಲ್ಲಿ ಒಪ್ಪುತ್ತಾನೆ.

ಎರಡನೆಯದಾಗಿ, ಕಥೆ ಕಲ್ಪಿತವಾದರೂ ಅದರ ಅಕ್ಷರವನ್ನು ಇಷ್ಟಬಂದಂತೆ ಬದಲಾಯಿಸಲಾಗದು. ಲೂಕನ ಗ್ರಂಥದ ಗ್ರೀಕ್ ಮೂಲದಲ್ಲಿರುವುದು ಕರುವೇ. ಕಥೆಯ ಕೊನೆಯಲ್ಲಿ ಹಿರಿಯ ಮಗ ಕೋಪಗೊಳ್ಳುತ್ತಾನೆ. ಇಷ್ಟು ವರ್ಷ ದುಡಿದ ತನಗೆ ಸ್ನೇಹಿತರೊಡನೆ ಉಣ್ಣಲು ಒಂದು ಆಡಿನ ಮರಿಯನ್ನೂ ಕೊಡದ ತಂದೆ ಕೆಟ್ಟುಬಂದ ತಮ್ಮನಿಗಾಗಿ ಕರುವನ್ನೇ ಕೊಯ್ಯಿಸಿದನೆಂಬುದು ಅವನ ದೂರು. ಮರಿಗೂ ಕರುವಿಗೂ ಇರುವ ಅಂತರದ ಮೇಲೆ ಈ ದೂರು ನಿಂತಿದೆ. ಕರುವನ್ನು ಕುರಿಮರಿಯಾಗಿಸಿದರೆ ಅಣ್ಣನ ಅಸೂಯೆ ಸಪ್ಪೆಯಾಗುತ್ತದೆ. ತಂದೆಯ ಔದಾರ್ಯದ ಅಳತೆಯೂ ಕುಗ್ಗುತ್ತದೆ. ಅಂದರೆ ಘಟನೆಯ ಅರ್ಥದಲ್ಲಿ ‘ನಡೆಯದ’ ಕಥೆಯಲ್ಲಿಯೂ ಪದದ ನಿಷ್ಠೆ ಅರ್ಥಕ್ಕೆ ಅನಿವಾರ್ಯ.

ಮೂರನೆಯದಾಗಿ, ಆ ಸಲಹೆಯ ಹಿಂದೆ ಇದ್ದುದು ಜಾತಿಯ ಭಯ. ದುಬಾಯ್ ಅವರೇ ಬರೆದಿರುವಂತೆ, ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ ಅವರು ಮತಕ್ಕೆ ತಂದದ್ದು ಇನ್ನೂರು ಮುನ್ನೂರು ಜನರನ್ನು. ಅವರಲ್ಲಿ ಮೂರನೆಯ ಎರಡು ಪಾಲು ಅಸ್ಪೃಶ್ಯ ಜಾತಿಗಳವರು ಅಥವಾ ಭಿಕ್ಷುಕರು. ಹೀಗಿರುವಾಗ ‘ನಮ್ಮ ಧರ್ಮವನ್ನು ಕೀಳೆಂದು ತಿಳಿದಾರು’ ಎಂಬ ಆತಂಕಕ್ಕಾಗಿ ಪಾಠವನ್ನು ತಿದ್ದುವುದೆಂದರೆ, ಸಭೆಯಲ್ಲಿಯೇ ಕುಳಿತಿದ್ದ ಅತ್ಯಂತ ಬಡವರ ಮುಂದೆ ಅವರ ಊಟವನ್ನು ದೇವರ ಕಥೆಯಿಂದ ಹೊರಗಿಟ್ಟಂತೆ. ಕೀಳೆನಿಸಿಕೊಂಡವನನ್ನು ಅಪ್ಪಿಕೊಳ್ಳುವ ತಂದೆಯ ಕಥೆಯಲ್ಲಿ ಇಂತಹ ತಿದ್ದುಪಡಿ ಕಥೆಯ ತಿರುಳನ್ನೇ ನಿರಾಕರಿಸುತ್ತದೆ. ಇಲ್ಲಿ ಅಕ್ಷರವು ಬಡವನ ಪಕ್ಷದಲ್ಲಿ ನಿಂತಿದೆಯೆಂಬುದನ್ನು ಮರೆಯಬಾರದು. ಗ್ರಂಥದ ಪದವನ್ನು ಸಭ್ಯತೆಯ ಹೆಸರಿನಲ್ಲಿ ಮೃದುಗೊಳಿಸಿದಾಗ ನಷ್ಟ ಯಾರಿಗೆ ಆಗುತ್ತದೆಂಬ ಪ್ರಶ್ನೆಯನ್ನು ವ್ಯಾಖ್ಯಾನಕಾರರು ಸದಾ ಕೇಳಿಕೊಳ್ಳಬೇಕು.

4. ಧರ್ಮಸಭೆಯ ನಿಲುವಿನ ವಿಕಾಸ

ದುಬಾಯ್ ಅವರ ನಿಲುವು ಅವರೊಬ್ಬರದೇ ಆಗಿರಲಿಲ್ಲ. 1546ರಲ್ಲಿ ಟ್ರೆಂಟ್ ಮಹಾಸಭೆ ಲ್ಯಾಟಿನ್ನಿನ ‘ವುಲ್ಗಾತಾ’ವನ್ನು ಅಧಿಕೃತ ಪಾಠವೆಂದು ಘೋಷಿಸಿತು. 1564ರ ನಿಯಮಗಳು ದೇಶಭಾಷೆಯ ಬೈಬಲ್ ಓದಲು ಅನುಮತಿಯನ್ನು ಅಗತ್ಯವಾಗಿಸಿದವು. 1757ರಲ್ಲಿ 14ನೆಯ ಬೆನೆಡಿಕ್ಟರ ಕಾಲಕ್ಕೆ, ಅಂಗೀಕೃತವೂ ಟಿಪ್ಪಣಿಸಹಿತವೂ ಆದ ಅನುವಾದಗಳಿಗೆ ಅವಕಾಶ ದೊರೆಯಿತು. 1804ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಮತ್ತು ಫಾರಿನ್ ಬೈಬಲ್ ಸೊಸೈಟಿಯು ಟಿಪ್ಪಣಿಯಿಲ್ಲದ ಪಾಠಗಳನ್ನು ಹಂಚತೊಡಗಿದಾಗ 1816ರಲ್ಲಿ 7ನೆಯ ಪಿಯುಸರೂ 1824ರಲ್ಲಿ 12ನೆಯ ಲಿಯೋ ಅವರೂ ಅದನ್ನು ಖಂಡಿಸಿದರು. ಈ ಹಿನ್ನೆಲೆಯಲ್ಲಿ ನೋಡಿದರೆ ಕನ್ನಡ ಬೈಬಲಿನ ಮೊದಲ ಶತಮಾನ ಪ್ರಾಟೆಸ್ಟಂಟರದೇ ಆದುದು ಆಕಸ್ಮಿಕವಲ್ಲ. ಕಥೋಲಿಕರಲ್ಲಿ ಕನ್ನಡ ವಿದ್ವತ್ತಿಗೆ ಕೊರತೆಯಿರಲಿಲ್ಲ. ಬಿಷಪ್ ಶಾರ್ಬೊನೊ ಅವರ ಕನ್ನಡ-ಲ್ಯಾಟಿನ್ ನಿಘಂಟು 1855ರಲ್ಲಿಯೇ ಬೆಂಗಳೂರಿನಲ್ಲಿ ಅಚ್ಚಾಗಿತ್ತು. ಆದರೆ ಆ ವಿದ್ವತ್ತು ನಿಘಂಟು, ವ್ಯಾಕರಣ, ಧರ್ಮೋಪದೇಶ, ಪ್ರಾರ್ಥನಾ ಗ್ರಂಥಗಳತ್ತ ಹರಿಯಿತು.

ಅನುವಾದದ ಬಗೆಗಿನ ಈ ಬಿಗಿನಿಲುವನ್ನು ಅಕ್ಷರವಾದವೆಂದು ತಪ್ಪಾಗಿ ತಿಳಿಯಬಾರದು. ಕಥೋಲಿಕ ಪರಂಪರೆಯಲ್ಲಿ ಅಕ್ಷರವಾದದ ವಿರುದ್ಧದ ದನಿ ಅತಿ ಪುರಾತನವಾದುದು. ಆದಿಕಾಂಡದ ಪ್ರಕಾರ ಸೂರ್ಯ ಸೃಷ್ಟಿಯಾದದ್ದು ನಾಲ್ಕನೆಯ ದಿನ. ಹಾಗಾದರೆ ಮೊದಲ ಮೂರು ದಿನಗಳು ಎಂತಹವು ಎಂದು 3ನೆಯ ಶತಮಾನದ ಓರಿಗೆನ್ ಕೇಳಿದ್ದರು. 5ನೆಯ ಶತಮಾನದ ಆರಂಭದಲ್ಲಿ ಆದಿಕಾಂಡಕ್ಕೆ ಭಾಷ್ಯ ಬರೆದ ಸಂತ ಅಗಸ್ಟೀನರು, ನಿಸರ್ಗದ ಬಗ್ಗೆ ವಿಚಾರವಂತರಿಗೆ ತಿಳಿದಿರುವುದಕ್ಕೆ ವಿರುದ್ಧವಾದುದನ್ನು ಗ್ರಂಥದ ಹೆಸರಿನಲ್ಲಿ ಸಾಧಿಸಹೊರಡುವ ಕ್ರೈಸ್ತನು ಧರ್ಮವನ್ನು ನಗೆಗೀಡು ಮಾಡುತ್ತಾನೆಂದು ಎಚ್ಚರಿಸಿದರು. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಪ್ರಾಣಿಗಳ ಬಳಿಕ ಮನುಷ್ಯನ ಸೃಷ್ಟಿ, ಎರಡನೆಯದರಲ್ಲಿ ಮನುಷ್ಯನ ಬಳಿಕ ಪ್ರಾಣಿಗಳ ಸೃಷ್ಟಿ ವರ್ಣಿತವಾಗಿದೆ. ಎರಡನ್ನೂ ಒಂದರ ಪಕ್ಕ ಒಂದಿಟ್ಟ ಪ್ರಾಚೀನ ಸಂಕಲನಕಾರರಿಗೆ ಈ ವ್ಯತ್ಯಾಸ ಕಾಣದೆ ಇದ್ದಿರಲಾರದು.

ಈ ಎಚ್ಚರ ಯಾವಾಗಲೂ ಪಾಲನೆಯಾಗಲಿಲ್ಲವೆಂಬುದೂ ಚರಿತ್ರೆಯೇ. 1616ರ ಕಾಪರ್ನಿಕಸ್ ವಿರೋಧಿ ಆದೇಶ ಮತ್ತು 1633ರ ಗೆಲಿಲಿಯೋ ವಿಚಾರಣೆ ಇದಕ್ಕೆ ನಿದರ್ಶನಗಳು. ಈ ಪ್ರಕರಣದಲ್ಲಿ ಅಂದಿನ ದೇವಶಾಸ್ತ್ರಜ್ಞರು ತಪ್ಪಿದರೆಂಬುದನ್ನು 2ನೆಯ ಜಾನ್ ಪಾಲರು ಬಹಿರಂಗವಾಗಿ ಹೇಳಿದ್ದು 1992ರಲ್ಲಿ. 1893ರಲ್ಲಿ 13ನೆಯ ಲಿಯೋ ಅವರ ‘ಪ್ರೊವಿದೆಂತಿಸ್ಸಿಮುಸ್ ದೇವುಸ್’ ಎಂಬ ವಿಶ್ವಪತ್ರವು, ಪವಿತ್ರ ಲೇಖಕರು ನಿಸರ್ಗದ ವಿಷಯಗಳನ್ನು ಕಣ್ಣಿಗೆ ತೋರುವಂತೆ ಆಡುಮಾತಿನಲ್ಲಿ ವರ್ಣಿಸಿದ್ದಾರೆಂದು ಒಪ್ಪಿತು. ಆದರೂ 20ನೆಯ ಶತಮಾನದ ಆರಂಭದಲ್ಲಿ ಚಾರಿತ್ರಿಕ ವಿಮರ್ಶೆಯ ಬಗ್ಗೆ ರೋಮ್ ಸಂಶಯವನ್ನೇ ತಾಳಿತ್ತು. 1909ರ ಬೈಬಲ್ ಆಯೋಗದ ತೀರ್ಮಾನ ಆದಿಕಾಂಡದ ಮೊದಲ ಅಧ್ಯಾಯಗಳ ಚಾರಿತ್ರಿಕತೆಯನ್ನು ಎತ್ತಿಹಿಡಿಯುತ್ತಲೇ ‘ದಿನ’ ಎಂಬ ಪದದ ಅರ್ಥವನ್ನು ಚರ್ಚೆಗೆ ಮುಕ್ತವಾಗಿ ಬಿಟ್ಟಿತು. 1943ರಲ್ಲಿ 12ನೆಯ ಪಿಯುಸರ ‘ದಿವಿನೊ ಅಫ್ಲಾಂತೆ ಸ್ಪಿರಿತು’ ವಿಶ್ವಪತ್ರವು ಮೂಲಭಾಷೆಗಳ ಅಧ್ಯಯನಕ್ಕೂ ಪ್ರಾಚೀನ ಸಾಹಿತ್ಯ ಪ್ರಕಾರಗಳ ವಿವೇಚನೆಗೂ ಬಾಗಿಲು ತೆರೆಯಿತು.

ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ಅಂಗೀಕರಿಸಿದ ‘ದೇಯಿ ವೆರ್ಬುಮ್’ ಈ ವಿಕಾಸದ ಶಿಖರ. ಅದರ ಬೋಧನೆಯ ಸಾರವಿಷ್ಟು: ಮಾನವರ ಉದ್ಧಾರಕ್ಕಾಗಿ ದೇವರು ತಿಳಿಸಬಯಸಿದ ಸತ್ಯವನ್ನು ಗ್ರಂಥ ದೋಷವಿಲ್ಲದೆ ಬೋಧಿಸುತ್ತದೆ. ಆದರೆ ದೇವರು ಮಾನವರ ಮೂಲಕ ಮಾನವರೀತಿಯಲ್ಲಿ ಮಾತನಾಡಿರುವುದರಿಂದ ಲೇಖಕನ ಉದ್ದೇಶವನ್ನೂ ಚರಿತ್ರೆ, ಪ್ರವಾದನೆ, ಕಾವ್ಯ ಮೊದಲಾದ ಪ್ರಕಾರಗಳನ್ನೂ ಗಮನಿಸಿ ಓದಬೇಕು. ಎಲ್ಲವನ್ನೂ ರೂಪಕವೆಂದು ತಳ್ಳಿಹಾಕಲು ಇದು ಅನುಮತಿಯಲ್ಲ. ಶುಭಸಂದೇಶಗಳ ಚಾರಿತ್ರಿಕತೆಯನ್ನು ಅದೇ ದಾಖಲೆ ದೃಢವಾಗಿ ಪ್ರತಿಪಾದಿಸುತ್ತದೆ. 1993ರಲ್ಲಿ ಬೈಬಲ್ ಆಯೋಗವು ಧರ್ಮಸಭೆಯಲ್ಲಿ ಬೈಬಲಿನ ವ್ಯಾಖ್ಯಾನವನ್ನು ಕುರಿತು ಹೊರಡಿಸಿದ ದಾಖಲೆ ಹಲವು ಅಧ್ಯಯನ ವಿಧಾನಗಳನ್ನು ಪರಿಶೀಲಿಸಿ ಪ್ರತಿಯೊಂದರ ಗುಣದೋಷಗಳನ್ನು ವಿವೇಚಿಸಿದೆ. ಅದು ಅತ್ಯಂತ ಕಠಿಣವಾದ ಮಾತುಗಳನ್ನು ಮೀಸಲಿಟ್ಟಿರುವುದು ಮೂಲಭೂತವಾದಿ ಓದಿಗೆ.

5. ವಾಚ್ಯಾರ್ಥ ಮತ್ತು ಅಕ್ಷರನಿಷ್ಠೆ

ಈ ಚರ್ಚೆಯಲ್ಲಿ ಎರಡು ಪರಿಕಲ್ಪನೆಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಸಂತ ಥಾಮಸ್ ಅಕ್ವಿನಾಸರ ಕಾಲದಿಂದಲೂ ಕಥೋಲಿಕ ಪರಂಪರೆ ವಾಚ್ಯಾರ್ಥವನ್ನು ಉಳಿದೆಲ್ಲ ಅರ್ಥಗಳ ತಳಹದಿಯೆಂದು ಭಾವಿಸಿದೆ. ವಾಚ್ಯಾರ್ಥವೆಂದರೆ ಲೇಖಕನು ಆ ಪದಗಳಿಂದ ಹೇಳಬಯಸಿದ ಅರ್ಥ. ಲೇಖಕ ರೂಪಕವನ್ನು ಬಳಸಿದ್ದರೆ ರೂಪಕದ ಅಭಿಪ್ರಾಯವೇ ವಾಚ್ಯಾರ್ಥದೊಳಗೆ ಸೇರುತ್ತದೆ. ಅಕ್ಷರನಿಷ್ಠೆ ಬೇರೆ. ಅದು ಕಾವ್ಯವನ್ನೂ ವರದಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ಭಾರತೀಯ ಓದುಗನಿಗೆ ಈ ವಿವೇಕ ಅಪರಿಚಿತವಲ್ಲ. ‘ಗಂಗೆಯಲ್ಲಿ ಹಳ್ಳಿ’ ಎಂಬ ಮಾತಿನಲ್ಲಿ ಮುಖ್ಯಾರ್ಥಕ್ಕೆ ಬಾಧೆ ಬಂದಾಗ ‘ಗಂಗೆಯ ದಡದಲ್ಲಿ’ ಎಂದು ಲಕ್ಷಣೆಯಿಂದ ಅರ್ಥ ಮಾಡುವುದನ್ನು ನಮ್ಮ ಶಾಸ್ತ್ರಕಾರರು ಕಲಿಸಿದ್ದಾರೆ. ತಂಪು, ಪಾವಿತ್ರ್ಯಗಳ ಧ್ವನಿಯನ್ನು ಆನಂದವರ್ಧನನ ಪರಂಪರೆ ಗುರುತಿಸಿದೆ. ವಿಧಿವಾಕ್ಯ ಬೇರೆ, ಅದನ್ನು ಸ್ತುತಿಸುವ ಅರ್ಥವಾದ ಬೇರೆ ಎಂಬ ಮೀಮಾಂಸಕರ ವಿಭಜನೆಯೂ ಇದೇ ಜಾಡಿನದು. 1970ರ ದಶಕದ ಕೊನೆಯ ವೇಳೆಗೆ ಭಾರತದ ಕೆಲವು ಕಥೋಲಿಕ ವಿದ್ವಾಂಸರು ಧ್ವನಿಸಿದ್ಧಾಂತವನ್ನು ಬೈಬಲ್ ವ್ಯಾಖ್ಯಾನಕ್ಕೆ ಅನ್ವಯಿಸಲು ಯತ್ನಿಸಿದ್ದು ಸ್ವಾಭಾವಿಕವೇ ಆಗಿತ್ತು. ಇಲ್ಲಿ ಗಮನಿಸಬೇಕಾದುದು ಒಂದು. ಧ್ವನಿ ಹೊಮ್ಮಬೇಕಾದರೆ ವಾಚ್ಯ ಉಳಿದಿರಬೇಕು. ‘ಗಂಗೆ’ ಎಂಬ ಪದವನ್ನೇ ತೆಗೆದು ‘ದಡ’ ಎಂದು ಬರೆದರೆ ಧ್ವನಿಯೂ ಹೋಗುತ್ತದೆ. ಕರುವನ್ನು ಕುರಿಮರಿಯಾಗಿಸುವ ಸಲಹೆಯಲ್ಲಿದ್ದ ದೋಷ ಇದೇ.

6. ಕನ್ನಡದಲ್ಲಿ ‘ಅಕ್ಷರ’ ಯಾವುದು?

ಅಕ್ಷರಶಃ ಓದಬೇಕೆನ್ನುವವರು ಮೂಲ ಹೀಬ್ರೂ, ಗ್ರೀಕ್ ಪಾಠಗಳನ್ನು ಓದುವುದು ಅಪರೂಪ. ಅವರ ಕೈಯಲ್ಲಿರುವುದು ಅನುವಾದ. ಕನ್ನಡದ ವ್ಯಾಕರಣ ಅನುವಾದಕನನ್ನು ಮೂಲದಲ್ಲಿಲ್ಲದ ಆಯ್ಕೆಗಳಿಗೆ ಒತ್ತಾಯಿಸುತ್ತದೆ. ಗ್ರೀಕ್ ಕ್ರಿಯಾಪದದಲ್ಲಿ ಗೌರವಾರ್ಥಕ ಬಹುವಚನವಿಲ್ಲ. ಹಳೆಯ ಕನ್ನಡ ಸತ್ಯವೇದದಲ್ಲಿ ಯೇಸು ‘ಹೇಳಿದನು’. ಕಥೋಲಿಕರು ಬಳಸುವ ಅನುವಾದದಲ್ಲಿ ಯೇಸು ‘ಹೇಳಿದರು’. ಒಂದರಲ್ಲಿ ಭಕ್ತಿಕಾವ್ಯದ ಸಲಿಗೆಯ ಏಕವಚನ, ಇನ್ನೊಂದರಲ್ಲಿ ಪೂಜ್ಯಭಾವದ ಬಹುವಚನ. ಎರಡೂ ಮೂಲಕ್ಕೆ ನಿಷ್ಠವಾದುವೇ; ಯಾವುದೂ ಅಕ್ಷರಶಃ ಮೂಲವಲ್ಲ. ಯಾರಿಗೆ ಏಕವಚನ, ಯಾರಿಗೆ ಬಹುವಚನ ಎಂಬುದು ಜಾತಿ, ವಯಸ್ಸು, ಅಂತಸ್ತುಗಳ ಲೆಕ್ಕದಲ್ಲಿ ನಿರ್ಧಾರವಾಗುವ ನಮ್ಮ ಸಮಾಜದಲ್ಲಿ ಇಂತಹ ಆಯ್ಕೆ ಎಷ್ಟು ಅರ್ಥವನ್ನು ಹೊರುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಪಾರಿಭಾಷಿಕ ಪದಗಳೂ ಹೀಗೆಯೇ. ಒಂದು ಪರಂಪರೆಯ ‘ಸುವಾರ್ತೆ’ ಇನ್ನೊಂದರಲ್ಲಿ ‘ಶುಭಸಂದೇಶ’. ಅಲ್ಲಿಯ ‘ಯೋಹಾನ’ ಇಲ್ಲಿ ‘ಯೊವಾನ್ನ’. ಪ್ರಾಟೆಸ್ಟಂಟರ ಬೈಬಲಿನಲ್ಲಿ 66 ಪುಸ್ತಕಗಳಿದ್ದರೆ ಕಥೋಲಿಕರದರಲ್ಲಿ 73. ತೊಬೀತ, ಯೂದಿತ, ಮಕ್ಕಬಿಯರ ಗ್ರಂಥಗಳು ಒಬ್ಬರಿಗೆ ಪವಿತ್ರಗ್ರಂಥ, ಇನ್ನೊಬ್ಬರಿಗೆ ಅಲ್ಲ. ಯಾವ ಪುಸ್ತಕಗಳು ಬೈಬಲ್ ಎಂಬುದನ್ನು ಬೈಬಲಿನ ಯಾವ ವಾಕ್ಯವೂ ಪಟ್ಟಿಮಾಡಿ ಹೇಳುವುದಿಲ್ಲ. ಅದನ್ನು ನಿರ್ಧರಿಸಿದ್ದು ಓದುವ ಸಮುದಾಯ. ಆದ್ದರಿಂದ ಪರಂಪರೆಯನ್ನು ಬಿಟ್ಟು ಅಕ್ಷರವೊಂದನ್ನೇ ಹಿಡಿಯುತ್ತೇನೆಂಬುದು ಕಥೋಲಿಕನಿಗೆ ತಾರ್ಕಿಕವಾಗಿಯೂ ಸಾಧ್ಯವಾಗದ ನಿಲುವು.

7. ಮಹಾಸಭೆಯ ಅನಂತರದ ಬೆಂಗಳೂರು

‘ದೇಯಿ ವೆರ್ಬುಮ್’ ವ್ಯಾಖ್ಯಾನತತ್ತ್ವವನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ಗ್ರಂಥ ಎಲ್ಲ ವಿಶ್ವಾಸಿಗಳಿಗೂ ಸುಲಭವಾಗಿ ದೊರೆಯಬೇಕು, ಮೂಲಭಾಷೆಗಳಿಂದ ಅನುವಾದಗಳಾಗಬೇಕು, ಅವುಗಳಲ್ಲಿ ಅಗತ್ಯ ವಿವರಣೆಗಳಿರಬೇಕು, ಇತರ ಕ್ರೈಸ್ತರೊಡನೆ ಕೂಡಿಯೂ ಅನುವಾದ ಮಾಡಬಹುದು ಎಂದು ಅದು ವಿಧಿಸಿತು. ದುಬಾಯ್ ಅವರ ವಾದದ ಪೂರ್ವಾರ್ಧವನ್ನು, ಅಂದರೆ ಬರಿಯ ಪಾಠ ತನ್ನನ್ನು ತಾನೇ ವಿವರಿಸಿಕೊಳ್ಳಲಾರದೆಂಬುದನ್ನು, ಮಹಾಸಭೆ ಉಳಿಸಿಕೊಂಡಿತು. ಆದ್ದರಿಂದ ಗ್ರಂಥವನ್ನು ತಡೆಹಿಡಿಯಬೇಕೆಂಬ ಉತ್ತರಾರ್ಧವನ್ನು ಕೈಬಿಟ್ಟಿತು.

ಇದರ ಫಲ ಬೆಂಗಳೂರಿನಲ್ಲಿ ಬೇಗನೆ ಕಾಣಿಸಿತು. ಡಿ. ಎಸ್. ಅಮಲೋರ್ಪವದಾಸ್ (1932–1990) ಅವರ ನೇತೃತ್ವದಲ್ಲಿ 1967ರಲ್ಲಿ ಇಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರವು ದೇಶದ ಎಲ್ಲೆಡೆಯಿಂದ ಬಂದ ಗುರುಗಳಿಗೆ, ಭಗಿನಿಯರಿಗೆ, ಶ್ರೀಸಾಮಾನ್ಯರಿಗೆ ಬೈಬಲ್ ಅಧ್ಯಯನದ ತರಬೇತಿ ನೀಡಿತು. ಬೈಬಲೇತರ ಧರ್ಮಗ್ರಂಥಗಳನ್ನು ಕುರಿತ ಸಂಶೋಧನಾ ಸಂಕಿರಣ 1974ರಲ್ಲಿ ನಡೆದುದು ಇದೇ ಕೇಂದ್ರದಲ್ಲಿ. ಅಮಲೋರ್ಪವದಾಸ್ ಅವರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನಕ್ಕೆ ಬುನಾದಿ ಹಾಕಿದರು. 1969ರಲ್ಲಿ ರೋಮ್ ಹೊರಡಿಸಿದ ವಾಚನಕ್ರಮ ಭಾನುವಾರದ ಪಾಠಗಳನ್ನು ಮೂರು ವರ್ಷಗಳ ಆವರ್ತನಕ್ಕೆ ವಿಸ್ತರಿಸಿ ಹಳೆಯ ಒಡಂಬಡಿಕೆಯ ವಾಚನವನ್ನು ಬಲಿಪೂಜೆಯ ನಿಯತ ಭಾಗವಾಗಿಸಿತು. ಲ್ಯಾಟಿನ್ನಿನಲ್ಲಿ ಕೇಳಿಸುತ್ತಿದ್ದ ಪಾಠ ಕನ್ನಡದಲ್ಲಿ ಕೇಳತೊಡಗಿತು. 1968ರಲ್ಲಿ ವ್ಯಾಟಿಕನ್ ಮತ್ತು ಬೈಬಲ್ ಸೊಸೈಟಿಗಳ ಒಕ್ಕೂಟ ಜಂಟಿ ಅನುವಾದದ ಮಾರ್ಗದರ್ಶಿ ಸೂತ್ರಗಳನ್ನು ಒಪ್ಪಿಕೊಂಡವು. ಒಂದೂವರೆ ಶತಮಾನದ ಹಿಂದೆ ಪರಸ್ಪರ ಖಂಡಿಸಿದ್ದ ಎರಡು ಪಕ್ಷಗಳು ಒಂದೇ ಮೇಜಿನ ಸುತ್ತ ಕುಳಿತುದರ ಪರಿಣಾಮವನ್ನು ಇಂದಿನ ಕನ್ನಡ ಬೈಬಲಿನಲ್ಲಿಯೂ ಕಾಣುತ್ತೇವೆ. ವಿಶ್ವ ಕಥೋಲಿಕ ಬೈಬಲ್ ಒಕ್ಕೂಟದ ಮೂರನೆಯ ಮಹಾಧಿವೇಶನ 1984ರಲ್ಲಿ ಬೆಂಗಳೂರಿನಲ್ಲಿ ಸೇರಿತು. ದಕ್ಷಿಣ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ 1957ರಿಂದ ನೆಲೆಗೊಂಡಿರುವ ಧರ್ಮಾರಾಮ್ ಕಾಲೇಜು ದೇವಶಾಸ್ತ್ರ ಶಿಕ್ಷಣದ ಇನ್ನೊಂದು ಕೇಂದ್ರ.

ಇಷ್ಟೆಲ್ಲ ಆಗಿಯೂ ಒಂದು ಕೊರತೆ ಉಳಿದಿದೆ. ಈ ಸಂಸ್ಥೆಗಳ ಪಾಂಡಿತ್ಯ ಬಹುಪಾಲು ಇಂಗ್ಲಿಷಿನಲ್ಲಿ ಬೆಳೆಯಿತು. ‘ದೇಯಿ ವೆರ್ಬುಮ್’ ಕೇಳಿದ ವಿವರಣಾಸಹಿತ ಓದು ಕನ್ನಡದ ಸಾಮಾನ್ಯ ವಿಶ್ವಾಸಿಗೆ ಅದೇ ಪ್ರಮಾಣದಲ್ಲಿ ಒದಗಲಿಲ್ಲ. ಪೂಜಾಭಾಷೆಯ ಬಗ್ಗೆ ಬೆಂಗಳೂರಿನ ಧರ್ಮಕ್ಷೇತ್ರದಲ್ಲಿ ದಶಕಗಳ ಕಾಲ ನಡೆದ ವಿವಾದಗಳು ಗ್ರಂಥದ ಭಾಷೆ ಯಾವುದಾಗಿರಬೇಕೆಂಬುದನ್ನು ಮುಂದೆ ತಂದವು. ಅದನ್ನು ಓದುವ ರೀತಿ ಯಾವುದೆಂಬ ಪ್ರಶ್ನೆ ಹಿಂದೆಯೇ ಉಳಿಯಿತು. 1970ರ ದಶಕದಿಂದ ಹರಡಿದ ಕರಿಸ್ಮಾಟಿಕ್ ನವೀಕರಣ ಸಾವಿರಾರು ಕಥೋಲಿಕರ ಕೈಗೆ ಬೈಬಲನ್ನು ಕೊಟ್ಟಿತು. ಇದು ಅದರ ದೊಡ್ಡ ಕೊಡುಗೆ. ಆದರೆ ಭಾಷ್ಯ ಜೊತೆಗಿರದ ಕಡೆ ಒಂದೊಂದು ವಾಕ್ಯವನ್ನು ಸಂದರ್ಭದಿಂದ ಕಿತ್ತು ರೋಗಕ್ಕೆ ಮದ್ದಿನಂತೆ, ಭವಿಷ್ಯಕ್ಕೆ ಕಣಿಯಂತೆ ಬಳಸುವ ಅಭ್ಯಾಸಕ್ಕೂ ಎಡೆಯಾಯಿತು. ಗ್ರಂಥವನ್ನು ದೀರ್ಘಕಾಲ ದೂರವಿಟ್ಟ ಸಮುದಾಯದಲ್ಲಿ ಅದು ಒಮ್ಮೆಗೇ ಕೈಗೆ ಬಂದಾಗ ಅಕ್ಷರವಾದ ಸುಲಭವಾಗಿ ಬೇರೂರುತ್ತದೆ.

8. ಸಮಾರೋಪ

ಮೇಲಿನ ವಿವೇಚನೆಯಿಂದ ತಿಳಿಯುವುದೇನೆಂದರೆ, ಕಥೋಲಿಕರು ಬೈಬಲನ್ನು ಸತ್ಯವೆಂದು ನಂಬಬೇಕೆ ಎಂಬುದರಲ್ಲಿ ಧರ್ಮಸಭೆಗೆ ಸಂದೇಹವಿಲ್ಲ. ಅಕ್ಷರಶಃ ಓದುವುದೇ ಆ ನಂಬಿಕೆಯ ರೂಪವೆಂಬುದನ್ನು ಮಾತ್ರ ಅದು ಒಪ್ಪುವುದಿಲ್ಲ. ಕನ್ನಡ ನಾಡಿನ ಚರಿತ್ರೆ ಈ ಬೋಧನೆಗೆ ಎರಡು ಮಾತುಗಳನ್ನು ಸೇರಿಸುತ್ತದೆ. ಪಾಠವನ್ನು ವ್ಯಾಖ್ಯಾನವಿಲ್ಲದೆ ಹಂಚುವುದರಿಂದ ಆಗುವ ಅಪಾಯವನ್ನು ದುಬಾಯ್ ಸರಿಯಾಗಿಯೇ ಗ್ರಹಿಸಿದ್ದರು. ಆದರೆ ವ್ಯಾಖ್ಯಾನದ ಹೆಸರಿನಲ್ಲಿ ಪಾಠವನ್ನು ತಡೆಹಿಡಿದರೆ ಅಥವಾ ತಿದ್ದಿದರೆ ಆಗುವ ಅಪಾಯ ಅದಕ್ಕಿಂತ ಕಡಿಮೆಯದಲ್ಲ. ಅದರ ಬೆಲೆಯನ್ನು ತೆತ್ತವರು ಸಮುದಾಯದ ಅತ್ಯಂತ ದುರ್ಬಲರು.

ಈ ದೃಷ್ಟಿಯಿಂದ ಮುಂದಿನ ಸಂಶೋಧಕರ ಮುಂದೆ ಕೆಲವು ಕೆಲಸಗಳಿವೆ. ಕರಾವಳಿಯ ‘ಕ್ರಿಸ್ತಪುರಾಣ’ದ ಹಾಡುಗಾರಿಕೆ, ಮೈಸೂರು ಮಿಷನ್ನಿನ ಕನ್ನಡ ಧರ್ಮೋಪದೇಶ ಗ್ರಂಥಗಳು, ಬಳ್ಳಾರಿಯಿಂದ ಇಂದಿನವರೆಗಿನ ಅನುವಾದಗಳ ಪದಾಯ್ಕೆ ಇವುಗಳನ್ನು ಒಟ್ಟಿಗೆ ಇಟ್ಟು ತೌಲನಿಕವಾಗಿ ಅಭ್ಯಸಿಸಬೇಕಾಗಿದೆ. ದಲಿತ ಕ್ರೈಸ್ತರು ಈ ಪಾಠಗಳನ್ನು ಹೇಗೆ ಕೇಳಿಸಿಕೊಂಡರೆಂಬುದನ್ನು ಅವರ ಹಾಡು, ಪ್ರಾರ್ಥನೆ, ಮೌಖಿಕ ಚರಿತ್ರೆಗಳಿಂದ ಸಂಗ್ರಹಿಸಬೇಕಾಗಿದೆ. ಕನ್ನಡದಲ್ಲಿಯೇ ಟಿಪ್ಪಣಿಸಹಿತವಾದ, ಸಾಮಾನ್ಯ ಓದುಗನಿಗೂ ಎಟಕುವ ಭಾಷ್ಯಪರಂಪರೆ ಬೆಳೆಯಬೇಕಾಗಿದೆ. ಗ್ರಂಥ ಕೈಯಲ್ಲಿದ್ದು ಅದರ ಅರ್ಥ ಇನ್ನೊಂದು ಭಾಷೆಯಲ್ಲಿ ಉಳಿದಿರುವವರೆಗೆ, 1823ರಲ್ಲಿ ಎತ್ತಿದ ಪ್ರಶ್ನೆಗೆ ಕನ್ನಡ ಪೂರ್ಣವಾಗಿ ಉತ್ತರಿಸಿದಂತಾಗುವುದಿಲ್ಲ.